ಕಸದೊಳಗಿನ ಮಸ್ಕಿ

ನಮ್ಮ ಮನೆಯಲ್ಲಿ ಮೀನು ತಿನ್ನುವವರು ಒಬ್ಬರೂ ಇಲ್ಲ. ಗಂಡನ ಊರು ಕೆರೂರು, ನನ್ನ ತವರು ಇಳಕಲ್ಲು. ಎರಡೂ ಕಡೆ ಲಿಂಗವಂತರು. ಬಿಸ್ಕತ್ತಿನ ಪೊಟ್ಟಣವನ್ನೂ ಮೊಟ್ಟೆ ಹುಡುಕುತ್ತ ತಿರುವಿ ತಿರುವಿ ಓದುವ ಮಂದಿ. ಇಂಥ ಮನೆಯ ಗ್ಯಾರೇಜಿನಲ್ಲಿ ಮೀನು ಹಿಡಿಯುವ ದೋಣಿ ನಿಂತಿದೆ. ದೋಣಿ ಒಳಗಿರುವುದರಿಂದ ಕಾರು ಹೊರಗೆ. ಜನವರಿಯಲ್ಲಿ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿಳಿಯುವ ಮಿನೆಸೋಟಾದಲ್ಲಿ, ಬೆಳಗಿನ ಕತ್ತಲಲ್ಲಿ ಕಾರಿನ ಗಾಜಿನ ಮಂಜುಗಡ್ಡೆ ಕೆರೆಯುವವಳು ನಾನು; ಹೊದಿಕೆ ಹೊದ್ದು ಬೆಚ್ಚಗೆ ಮಲಗಿರುವುದು ದೋಣಿ. ಈ ದೇಶದಲ್ಲಿ ಸವತಿಯರ ವಿಷಯಕ್ಕೆ ಕಾನೂನು ಏನಿದೆ ಎಂದು ಒಮ್ಮೆ ಕೇಳಿದೆ. "ದೋಣಿಗೆ ರಜಿಸ್ಟ್ರೇಶನ್ ಐತಿ," ಎಂದರು ನಮ್ಮ ಮನೆಯವರು.

ಅವರಿಗೆ ಹಿಡಿದ ಹುಚ್ಚಿನ ಹೆಸರು ಮಸ್ಕಿ. ಉದ್ದ ಹೆಸರು ಮಸ್ಕೆಲಂಜ್. ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ ಮೀನು. ಚಪ್ಪಟೆ ಮೂತಿ, ಬಾಯಿ ತುಂಬ ಸೂಜಿಹಲ್ಲು, ನಾಲ್ಕಡಿ ಮೀರಿ ಬೆಳೆಯುವ ಮೈ. ಸಣ್ಣ ಮೀನು ಬೇಸರವಾದರೆ ಬಾತುಮರಿಯನ್ನೂ ನುಂಗುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಅದರ ದೊಡ್ಡ ಗುಣವೆಂದರೆ, ಸಿಗದಿರುವುದು. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಮಸ್ಕಿ ಎಂಬುದು ಇಲ್ಲಿನವರ ಮಾತು. ಸಿಕ್ಕರೂ ಇಟ್ಟುಕೊಳ್ಳುವಂತಿಲ್ಲ: ಮಿನೆಸೋಟಾದ ಕಾನೂನಿನ ಪ್ರಕಾರ 54 ಅಂಗುಲಕ್ಕಿಂತ ಚಿಕ್ಕದಿದ್ದರೆ ಅಲ್ಲೇ ನೀರಿಗೆ ಬಿಡಬೇಕು. ಅದಕ್ಕೂ ದೊಡ್ಡದು ಸಿಕ್ಕವರು ಕಾನೂನು ಬೇಡವೆಂದರೂ ಬಿಡುತ್ತಾರೆ. ಅಳತೆ, ಒಂದು ಫೋಟೊ, ಮತ್ತೆ ನೀರು. ಅಂದಮೇಲೆ ಸಸ್ಯಾಹಾರಿಗಳಿಗೆಂದೇ ದೇವರು ಮಾಡಿದ ಮೀನು ಇದು. ಪಾಪವೂ ಅಂಟುವುದಿಲ್ಲ, ಫಲವೂ ದಕ್ಕುವುದಿಲ್ಲ.

54 ಅಂಗುಲ ಆಗಲು ಮಸ್ಕಿಗೆ ಹತ್ತು-ಹದಿನೈದು ವರ್ಷವಾದರೂ ಬೇಕು. ನಮ್ಮವರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ವರ್ಷ ಸರಕಾರ ಕೆರೆಗೆ ಬಿಟ್ಟ ಮರಿ ಇದ್ದರೆ, ಅದೀಗ ಹೆಚ್ಚುಕಡಿಮೆ ಅಳತೆಗೆ ಬಂದಿರಬೇಕು. ಗ್ರೀನ್ ಕಾರ್ಡು ಬಂದಿಲ್ಲ. ಒಂದೊಂದು ದೇಶಕ್ಕೆ ನೂರಕ್ಕೆ ಏಳರ ಮಿತಿ ಇಟ್ಟಿರುವ ಸಾಲಿನಲ್ಲಿ ನಿಂತ ಭಾರತೀಯನಿಗೆ ಹತ್ತು ಸಾವಿರ ಸಲ ಎಸೆಯುವುದು ಕಷ್ಟದ ಕೆಲಸವೇನಲ್ಲ. ಮಸ್ಕಿ ಹಿಡಿಯುವ ಬಿಳಿಯರೆಲ್ಲ ನಮ್ಮವರ ತಾಳ್ಮೆ ನೋಡಿ ಬೆರಗಾಗುತ್ತಾರೆ. ಆ ತಾಳ್ಮೆಯ ಮೂಲ ಯಾವ ಇಲಾಖೆಯಲ್ಲಿದೆ ಎಂದು ಅವರಿಗೆ ಗೊತ್ತಿಲ್ಲ.

ಭಾನುವಾರದ ಫೋನಿನಲ್ಲಿ ಅತ್ತೆಯವರು, "ನಮ್ಮ ಹುಡುಗ ಎಲ್ಲಿ?" ಎಂದು ಕೇಳಿದಾಗ, "ಮಸ್ಕಿಗೆ ಹೋಗ್ಯಾರ್ರೀ ಅತ್ತೀ," ಎಂದಿದ್ದೆ. ಆ ಕಡೆ ಗದ್ದಲವೆದ್ದಿತು. ರಾಯಚೂರು ಜಿಲ್ಲೆಯ ಮಸ್ಕಿಗೆ ಬಂದ ಮಗ ಅಲ್ಲಿಂದ ಕೆರೂರಿಗೆ ಬರಲಿಲ್ಲವೆಂದರೆ ಏನರ್ಥ? ಬಸ್ಸಿಗೆ ಯಾರನ್ನು ಕಳಿಸಬೇಕು? ಮಾವನವರು ನಿವೃತ್ತ ಮಾಸ್ತರು, ಜತೆಗೆ ಕೆರೂರಿನಲ್ಲಿ ಹೊಲ. ಮಸ್ಕಿ ಎಂದ ಕೂಡಲೇ ಅವರಿಗೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಅದು ಸಿಕ್ಕ ಮೇಲೆಯೇ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಖಚಿತವಾದದ್ದೆಂದು ನಾಲ್ವತ್ತು ವರ್ಷ ಹುಡುಗರಿಗೆ ಪಾಠ ಮಾಡಿದವರು. ಇಲ್ಲ ಮಾವಾರ, ಇದು ಮೀನು, ಎಂದು ಬಿಡಿಸಿ ಹೇಳಿದೆ. ಒಂದು ಕ್ಷಣ ತಡೆದು ಅವರು ಹೇಳಿದ ಮಾತು ಇದು: "ಅಶೋಕ ತನ್ನ ಕಂಬದ ಶಾಸನದಾಗ ಇಂತಿಂಥಾ ದಿನ ಮೀನ ಹಿಡೀಬಾರದು, ಮಾರಬಾರದು ಅಂತ ಬರಿಸ್ಯಾನ. ನಿಮ್ಮ ಸರಕಾರ ಏನಂತೈತಿ?" ನಮ್ಮ ಸರಕಾರವೂ ಅದನ್ನೇ ಅನ್ನುತ್ತದೆ. ಮಸ್ಕಿಯ ಋತು ಜೂನ್ ತಿಂಗಳ ಮೊದಲ ಶನಿವಾರ ತೆರೆದು ಡಿಸೆಂಬರ್ 1ಕ್ಕೆ ಮುಚ್ಚುತ್ತದೆ. ಉಳಿದ ಆರು ತಿಂಗಳು ಗಂಡ ನನ್ನವನು, ಗ್ಯಾರೇಜು ದೋಣಿಯದು.

ಇಂಥದರಲ್ಲಿ ಒಂದು ಬೇಸಿಗೆಗೆ ಅತ್ತೆ-ಮಾವ ಬಂದರು. ಖಟಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ನನಗೊಂದು ಟೋಪ ಸೆರಗಿನ ಸೀರೆ ಎಲ್ಲ ಬಿಚ್ಚಿಟ್ಟ ಮೇಲೆ ಮಾವನವರು ಗ್ಯಾರೇಜು ನೋಡಲು ಹೋದರು. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಎಂಟೊಂಬತ್ತು ಅಡಿಯ ಗಾಳದ ಕೋಲುಗಳ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು.

"ಅಲ್ಲೋ ತಮ್ಮಾ, ತಿನ್ನಂಗಿಲ್ಲಂದ್ರ ಹಿಡಿಯೂದ ಯಾಕ?"

ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿದ್ದ ನಮ್ಮವರು ತಯಾರಾಗಿದ್ದರು. ಅಮೆರಿಕದ ಉದಾಹರಣೆ ಕೊಟ್ಟರೆ ಅಪ್ಪ ಒಪ್ಪುವವರಲ್ಲ. ಆದ್ದರಿಂದ ನೇರ ಕಲ್ಯಾಣಕ್ಕೇ ಹೋದರು. "ಅಪ್ಪಾ, ಚಾಲುಕ್ಯರ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಮಾನಸೋಲ್ಲಾಸ ಬರದಾನಲ್ಲ, ಅದರಾಗ ಮತ್ಸ್ಯವಿನೋದ ಅಂತ ಒಂದು ಭಾಗನ ಐತಿ. ಯಾವ ಮೀನಿಗೆ ಯಾವ ಮೇವು, ಕೋಲು ಹೆಂಗಿರಬೇಕು, ದಾರ ಹೆಂಗಿರಬೇಕು, ಎಲ್ಲಾ ಬರದಾನ. ನಮ್ಮ ಬಾದಾಮಿ ಸೀಮೀನ ಆಳಿದ ದೊರೀನ ಇದನ್ನ ವಿನೋದ ಅಂದಾನ."

ಮಾವನವರು ಪುಸ್ತಕ ಓದಿದವರು. "ಮೀನದ ಅಡಿಗೀನೂ ಅದ ಪುಸ್ತಕದಾಗ ಬರದಾನ. ಅಂವಾ ತಿಂದ," ಎಂದರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. "ಅದಕ್ಕ ಮುಂದ ಅದ ಕಲ್ಯಾಣಕ್ಕ ಬಸವಣ್ಣನವರು ಬಂದು ಎಲ್ಲಾರಿಗೂ ಬುದ್ಧಿ ಹೇಳಬೇಕಾತು."

ನಮ್ಮವರು ಆಮೇಲೆ ಒಂದು ವಾರ ಇತಿಹಾಸದ ತಂಟೆಗೆ ಹೋಗಲಿಲ್ಲ.

ಆದರೂ ಮಾವನವರು ದೋಣಿ ಹತ್ತಿದರು. ಕಾರಣ ಮೀನಲ್ಲ, ನೀರು. ಮಳೆಗಾಗಿ ಮುಗಿಲು ನೋಡುತ್ತ ಆಯುಷ್ಯ ಕಳೆದ ರೈತನಿಗೆ ಮಿನೆಸೋಟಾದ ನೀರು ನೋಡಿ ಮುಗಿಯುವುದಿಲ್ಲ. ಇಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೆ ಹತ್ತು ಸಾವಿರ ಕೆರೆಗಳು ಎಂದು ಬರೆದಿರುತ್ತದೆ. ನಿಜವಾಗಿ, ಹತ್ತು ಎಕರೆಗಿಂತ ದೊಡ್ಡವನ್ನಷ್ಟೇ ಎಣಿಸಿದರೂ 11,842 ಇವೆ. ಮಾವನವರು ಇದನ್ನು ಎರಡು ಸಲ ಹೇಳಿಸಿಕೊಂಡರು. "ಇದ್ದದ್ದಕ್ಕಿಂತ ಕಡಿಮಿ ಮಾಡಿ ಹೇಳೂ ಸರಕಾರ ಜಗತ್ತಿನ್ಯಾಗ ಇದೊಂದ ಇರಬೇಕು." ಹೊರಗಿನವರಿಗೂ ಮೀನು ಹಿಡಿಯಲು ಲೈಸನ್ಸ್ ಬೇಕು, ಹದಿನಾರು ದಾಟಿದವರಿಗೆಲ್ಲ. ಮೂರು ದಿನದ್ದೂ ಸಿಗುತ್ತದೆ, ವಾರದ್ದೂ ಸಿಗುತ್ತದೆ. ಮಗ ವಾರದ್ದು ತೆಗೆಸಿದ. ಹಿಡಿಯದ, ತಿನ್ನದ, ಸಿಕ್ಕರೂ ಬಿಟ್ಟುಬಿಡುವ ವಸ್ತುವಿಗೆ ಸರಕಾರಕ್ಕೆ ದುಡ್ಡು ಕಟ್ಟಿದ ಆ ಕಾಗದವನ್ನು ಮಾವನವರು ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರು. ಕೆರೂರಿಗೆ ಹೋದ ಮೇಲೆ ಸಾಕ್ಷಿ ಬೇಕಲ್ಲ.

ಹತ್ತು ಸಾವಿರ ಎಸೆತದ ಮಾತನ್ನೂ ಅವರು ಸುಮ್ಮನೆ ಬಿಡಲಿಲ್ಲ. ನಿಮಿಷಕ್ಕೊಂದು ಎಸೆತ ಎಂದು ಹಿಡಿದರು. ನೂರಾ ಅರವತ್ತೇಳು ತಾಸು. ದಿನಕ್ಕೆ ಎಂಟು ತಾಸಿನ ಆಳಿನ ಲೆಕ್ಕದಲ್ಲಿ ಇಪ್ಪತ್ತೊಂದು ದಿನ. "ಇಪ್ಪತ್ತೊಂದ ಆಳಿನ ಪಗಾರಕ್ಕ ಒಂದ ಮೀನು, ಅದನ್ನೂ ನೀರಿಗೆ ಬಿಡೂದು. ಈ ಹೊಲಾ ಲಾವಣಿಗೆ ಹಾಕಿಬಿಡ ತಮ್ಮಾ."

ಮಿನಿಯಾಪೊಲಿಸಿನ ಪಶ್ಚಿಮಕ್ಕೆ ಮಿನೆಟೊಂಕಾ ಎಂಬ ಕೆರೆ ಇದೆ. ಕೆರೆ ಅನ್ನುವುದು ಅಭ್ಯಾಸಬಲ, ಸುಮಾರು 14,500 ಎಕರೆ. ಒಂದು ಕೊಲ್ಲಿಯಿಂದ ಇನ್ನೊಂದು ಕೊಲ್ಲಿಗೆ ಹೊಕ್ಕು ಹೊರಡುವ, ದಡದ ತುಂಬ ಶ್ರೀಮಂತರ ಮನೆಗಳಿರುವ ನೀರು. ನಮ್ಮವರು ನಡುವಿನ ಸ್ವಚ್ಛ, ಆಳವಾದ, ನೋಡಲು ಚೆಂದದ ನೀರನ್ನೆಲ್ಲ ಬಿಟ್ಟು ಒಂದು ಮೂಲೆಯ ಕೊಲ್ಲಿಗೆ ದೋಣಿ ಹೊಡೆದರು. ಅಲ್ಲಿ ನೀರು ಎದೆಮಟ್ಟ. ನೀರಿಗಿಂತ ಹಸಿರೇ ಹೆಚ್ಚು.

ಮಾವನವರ ಮುಖ ಬಾಡಿತು. "ಇಷ್ಟ ದೊಡ್ಡ ಕೆರಿ ಬಿಟ್ಟು ಈ ಕಸದಾಗ ಯಾಕ ಬಂದಿ?"

ಬಂದದ್ದೇ ಕಸಕ್ಕೆ. ಬೇಸಿಗೆಯಲ್ಲಿ ಮಸ್ಕಿಯ ಮನೆ ಇದೇ. ಇದು ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಜಾತಿಯಲ್ಲ, ಹೊಂಚುವ ಜಾತಿ. ಕಸದೊಳಗೆ ನೆರಳಿದೆ, ಹಗಲು ಹೊತ್ತು ಎಲೆಗಳು ಬಿಡುವ ಆಮ್ಲಜನಕವಿದೆ, ಅಡಗಲು ಬಂದ ಸಣ್ಣ ಮೀನುಗಳಿವೆ. ಕಸದ ನಡುವೆ ಎಲ್ಲಾದರೂ ಒಂದು ಬಯಲು ಕಿಂಡಿ, ಎರಡು ಜಾತಿಯ ಕಸ ಕೂಡುವ ಗಡಿ, ಅಲ್ಲಿ ಮೈ ಅಲುಗಿಸದೆ ನಿಂತುಬಿಡುತ್ತದೆ. ಮೈಮೇಲಿನ ಪಟ್ಟೆ, ಚುಕ್ಕೆಗಳಿಗೂ ಕಾಂಡದ ನೆರಳಿಗೂ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಕಡೆಯ ಕೆರೆಗಳಲ್ಲೂ ಹಾವಿನ ತಲೆಯ ಮೀನೊಂದು ಜೊಂಡಿನೊಳಗೆ ಹೀಗೇ ಹೊಂಚುತ್ತದೆ. ಅದನ್ನು ಹಿಡಿಯುವವರು ಕಪ್ಪೆ ಕಟ್ಟಿ ಕಸದ ಮೇಲೇ ಆಡಿಸುತ್ತಾರೆ. ಮಾವನವರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮನಸ್ಸು ಒಪ್ಪಲಿಲ್ಲ. ಜೇಕು, ಕರಿಕೆ ಅಗಿದು ಅಗಿದು ಬೆನ್ನು ಬಾಗಿಸಿಕೊಂಡ ಮನುಷ್ಯನ ಎದುರಿಗೆ, ಅವನ ಮಗನೇ ಸಾವಿರಾರು ಡಾಲರಿನ ದೋಣಿ ತಂದು ಕಸವನ್ನು ಹುಡುಕಿಕೊಂಡು ಹೋಗುವುದೆಂದರೆ!

ಕಸದಲ್ಲಿ ಗಾಳ ಎಸೆಯುವುದಕ್ಕೆ ಒಂದು ವಿದ್ಯೆಯಿದೆ. ಬರೀ ಎಸೆದರೆ ಮೂರು ಮೊನೆಯ ಕೊಕ್ಕೆ ಹಸಿರು ಹೊರೆ ಹೊತ್ತು ಬರುತ್ತದೆ. ಹಾಗಾಗಿ ಮೊನೆ ಮೇಲಕ್ಕಿರುವ ಒಂಟಿ ಕೊಕ್ಕೆಯ ಸ್ಪಿನ್ನರು ಕಟ್ಟಬೇಕು; ಅದು ಕಾಂಡಗಳ ನಡುವೆ ನುಸುಳುತ್ತದೆ. ಇಲ್ಲವೆ ಜಿಂಕೆಬಾಲದ ಕೂದಲಿನ ಬಕ್‌ಟೇಲನ್ನು, ಕೋಲಿನ ತುದಿ ಎತ್ತರಕ್ಕೆ ಹಿಡಿದು, ಕಸದ ತಲೆ ಸವರುವಷ್ಟು ಮೇಲೆ, ಜೋರಾಗಿ ಎಳೆಯಬೇಕು. ದಾರ ಎಂಬತ್ತು, ನೂರು ಪೌಂಡು ತಡೆಯುವ ಹೆಣೆದ ದಾರವೇ ಆಗಬೇಕು. ಅದು ಕಾಂಡವನ್ನು ಕೊಯ್ಯುತ್ತದೆ. ಎಳೆ ಸಿಕ್ಕಿಕೊಂಡಿತೋ, ಕೋಲನ್ನೊಮ್ಮೆ ಝಾಡಿಸಿದರೆ ಕಳಚುತ್ತದೆ. ಎಷ್ಟೋ ಸಲ ಮಸ್ಕಿ ಹಾರಿ ಬೀಳುವುದು ಆ ಝಾಡಿಸಿದ ಗಳಿಗೆಯಲ್ಲೇ. ಕೊನೆಗೆ ದೋಣಿಯ ಮಗ್ಗುಲಿಗೆ ಬಂದಾಗ ಗಾಳವನ್ನು ಮೇಲೆತ್ತದೆ ಕೋಲಿನ ತುದಿಯನ್ನು ನೀರಿನಲ್ಲಿ ಮುಳುಗಿಸಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿಸಬೇಕು. ಹಿಂಬಾಲಿಸಿ ಬಂದ ಮಸ್ಕಿ ಇದ್ದರೆ ಅಲ್ಲಿ ಮನಸ್ಸು ಬದಲಿಸಬಹುದು. ಪ್ರತಿ ಎಸೆತಕ್ಕೂ ಒಂದು ಎಂಟು.

"ಸಾಲಿಯೊಳಗ ಎಂಟರ ಮಗ್ಗಿ ಬರಲಿಲ್ಲ ಇವಂಗ," ಎಂದರು ಮಾವನವರು ಮೊಮ್ಮಗಳಿಗೆ. "ಈಗ ನೀರಾಗ ತಿದ್ದಾಕತ್ತಾನ."

ಎರಡನೆಯ ದಿನದಿಂದ ಅವರಿಗೆ ದೋಣಿಯಲ್ಲಿ ಒಂದು ಹುದ್ದೆ ಸಿಕ್ಕಿತು. ಗಾಳಕ್ಕೆ ಸುತ್ತಿಬಂದ ಕಸ ಬಿಡಿಸುವುದು. ಆ ಕೆಲಸ ಅವರು ಮಾಡುವ ಚೆಂದವೇ ಬೇರೆ: ಎಳೆ ಹರಿಯದಂತೆ ಬಿಡಿಸಿ, ಬೇರು ಒಂದು ಕಡೆ ತುದಿ ಒಂದು ಕಡೆ ಮಾಡಿ, ಸೂಡು ಕಟ್ಟಿ ಮಗ್ಗುಲಿಗೆ ಇಡುತ್ತಿದ್ದರು. ನೀರಿಗೆ ವಾಪಸು ಒಂದು ಎಳೆಯೂ ಹೋಗಕೂಡದು. "ಕೆರಿಗೆ ಚೆಲ್ಲಿಬಿಡು ಅಪ್ಪಾ, ದೋಣಿ ತುಂಬತೈತಿ," ಎಂದರೆ, "ತುಂಡ ಚೆಲ್ಲಿದ್ರ ಮತ್ತ ಅಲ್ಲೇ ಬೇರ ಬಿಡತೈತಿ. ಕರಿಕಿ ಮಾಡಿದ್ದು ಮರತೇನು?" ಎಂದು ಗದರಿದರು. ನಮ್ಮವರ ಬಾಯಿ ಕಟ್ಟಿತು. ಮಾತು ಅಕ್ಷರಶಃ ನಿಜ. ಯುರೇಷ್ಯದ ಮಿಲ್‌ಫಾಯಿಲ್ ಎಂಬ ಗರಿಗರಿಯ ಕಸ 1987ರಲ್ಲಿ ಮಿನೆಟೊಂಕಾದಲ್ಲಿ ಕಾಣಿಸಿಕೊಂಡದ್ದು, ಆಮೇಲೆ ಊರೂರ ಕೆರೆಗೆ ಹಬ್ಬಿದ್ದು ತುಂಡಿನಿಂದಲೇ. ದೋಣಿಗೆ ಅಂಟಿದ ಒಂದು ಗೇಣು ಎಳೆ ಸಾಕು. ಇದನ್ನು ಕಂಡುಹಿಡಿಯಲು ಮಿನೆಸೋಟಾ ಎಷ್ಟು ವಿಜ್ಞಾನಿಗಳನ್ನು ಸಾಕಬೇಕಾಯಿತೋ; ಕೆರೂರಿನ ಮಾಸ್ತರು ಹುದ್ದೆಗೆ ಬಂದ ಮೊದಲ ಮುಂಜಾನೆಯೇ ಹೇಳಿಬಿಟ್ಟರು.

ಈ ಮಿಲ್‌ಫಾಯಿಲಿಗೆ ಸ್ಥಳೀಯ ತಂಗಿಯೊಂದಿದೆ. ಗುರುತು ಹಿಡಿಯುವ ಉಪಾಯವನ್ನು ಕೈಪಿಡಿಯಲ್ಲಿ ಓದಿ ಮೊಮ್ಮಗಳು ಅಜ್ಜನಿಗೆ ಕಲಿಸಿದಳು: ಒಂದು ಎಲೆಯಲ್ಲಿ ಗರಿ ಹನ್ನೆರಡು ಜೋಡಿಗಿಂತ ಹೆಚ್ಚಿದ್ದರೆ ಪರದೇಶದ್ದು, ಕಡಿಮೆಯಿದ್ದರೆ ಇಲ್ಲಿಯದೇ. ಅಲ್ಲಿಂದ ಮುಂದೆ ಅಜ್ಜ-ಮೊಮ್ಮಗಳಿಬ್ಬರೂ ಮೀನಿನ ಕಡೆ ತಿರುಗಿ ನೋಡಲಿಲ್ಲ. ಕನ್ನಡಕ ಹಣೆಗೇರಿಸಿ, ಎಲೆಯನ್ನು ಬೆಳಕಿಗೆ ಹಿಡಿದು, ಹದಿನಾಲ್ಕು, ಹದಿನೈದು, "ಇದಕ್ಕ ವೀಸಾ ಇಲ್ಲ, ಹಾಕ ಆ ಕಡೆ." ಕಾಂಗ್ರೆಸ್ ಕಸದ ಕತೆಯೂ ಆಗ ಹೊರಬಂತು. ಐವತ್ತರ ದಶಕದ ನಡುವೆ ಪುಣೆಯಲ್ಲಿ ಕಂಡ ಆ ಪಾರ್ಥೇನಿಯಂ ನಮ್ಮ ಹೊಲ, ರಸ್ತೆ, ಹಾಳುಗೋಡೆ ಎಲ್ಲ ತಿಂದಿದೆ. ಅಮೆರಿಕದ ಗೋಧಿಯ ಜತೆ ಬಂತೆಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. "ಇವರು ನಮಗ ಅದನ್ನ ಕಳಿಸಿದ್ರು, ಇವರಿಗೆ ಬ್ಯಾರೆಯವರು ಇದನ್ನ ಕಳಿಸಿದ್ರು. ಸರಿ ಹೋತು," ಎಂದು ಮಾವನವರು ಅಂತರರಾಷ್ಟ್ರೀಯ ಲೆಕ್ಕ ಚುಕ್ತಾ ಮಾಡಿದರು.

ಅತ್ತೆಯವರು ಹಿಂದಿನ ಸೀಟಿನಲ್ಲಿ ಹತ್ತಿ ಬತ್ತಿ ಹೊಸೆಯುತ್ತ ಕೂತಿದ್ದವರು ತಲೆಯೆತ್ತದೆ ಕೇಳಿದರು: "ನಿಮ್ಮ ಮಗನ್ನೂ ಎಣಿಸಿ ನೋಡ್ರಿ, ಎಷ್ಟ ಜೋಡಿ ಅದಾನ?"

ಕಸದ ವಿಷಯದಲ್ಲಿ ಅತ್ತೆಯವರದು ಬೇರೆಯೇ ಪಂಥ. ಮಾವನವರಿಗೆ ಕಸವೆಂದರೆ ಕೀಳುವುದು. ಅವರಿಗೆ ಕಸವೆಂದರೆ ಆರಿಸುವುದು. ನಮ್ಮ ಕಡೆ ಜೋಳದ ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ ಇದೆಯಲ್ಲ, ಬಿತ್ತಿದವರಿಲ್ಲ, ನೀರು ಹಾಕಿದವರಿಲ್ಲ; ರೊಟ್ಟಿಗೆ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿಯ ಜತೆ ಹಸಿಯಾಗಿಯೇ ತಿನ್ನದಿದ್ದರೆ ಊಟ ಪೂರ್ತಿಯಾಗದು. ಕಸ ತೆಗೆಯಲು ಹೋದ ಹೆಣ್ಣುಮಕ್ಕಳ ಉಡಿಯಲ್ಲೇ ಅರ್ಧ ಪಲ್ಲೆ ಮನೆಗೆ ಬರುತ್ತದೆ. ಆದ್ದರಿಂದ ಮಾವನವರು ಕಟ್ಟಿದ ಸೂಡುಗಳನ್ನು ಅತ್ತೆಯವರು ಒಂದೊಂದಾಗಿ ಬಿಚ್ಚಿ ಪರೀಕ್ಷೆ ಮಾಡುತ್ತಿದ್ದರು. ಅದರಲ್ಲಿ ಅಗಲ ಎಲೆಯ, ಅಂಚು ಮಡಿಕೆ ಮಡಿಕೆಯಾದ ಒಂದು ಜಾತಿಯಿತ್ತು. ಮಸ್ಕಿ ಬಹಳ ಮೆಚ್ಚುವ ಕಸ ಅದೇ. ಅದು ಬೆಳೆದ ಕಡೆ ಹುಡುಕು ಎಂದು ಅನುಭವಸ್ಥರು ಹೇಳುತ್ತಾರೆ. ಅತ್ತೆಯವರೂ ಮೆಚ್ಚಿದರು. ತುದಿ ಚಿವುಟಿ ಬಾಯಿಗೆ ಹಾಕಿಕೊಂಡರು. ನಾವೆಲ್ಲ ಉಸಿರು ಹಿಡಿದೆವು.

"ಸಪ್ಪಗೈತಿ. ಕಡ್ಲಿಬ್ಯಾಳಿ ಹಾಕಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ರ ನಡೀತೈತಿ."

ನಡೆಯುವುದಿಲ್ಲ, ಕಾನೂನಿದೆ. ಮಿನೆಸೋಟಾದಲ್ಲಿ ಕೆರೆಯಿಂದ ಕೆರೆಗೆ, ಕೆರೆಯಿಂದ ಮನೆಗೆ ನೀರಿನ ಕಸ ಒಯ್ಯುವಂತಿಲ್ಲ. ದೋಣಿ ಮೇಲೆ ಬಂದ ಕೂಡಲೇ ತಳದ ಬಿರಡೆ ಬಿಚ್ಚಿ ನೀರು ಬಸಿಯಬೇಕು. ದೋಣಿ, ಗಾಡಿ, ಲಂಗರಿನ ಹಗ್ಗ ಎಲ್ಲದರ ಕಸ ಕಿತ್ತು ಅಲ್ಲೇ ದಡದ ಮೇಲೆ ಬಿಡಬೇಕು. ಕೆಲವು ದಡಗಳಲ್ಲಿ ತಪಾಸಣೆಯವರು ನಿಂತಿರುತ್ತಾರೆ. ಕೆರೆ ದಡದಲ್ಲಿ ಮನೆಯಿರುವವರೂ ತಮ್ಮ ಮುಂದಿನ ಕಸವನ್ನು ಬೇಕಾದಷ್ಟು ಕೀಳುವಂತಿಲ್ಲ. ಈಜಲು, ದೋಣಿ ಕಟ್ಟಲು 2,500 ಚದರಡಿಯವರೆಗೆ ಸರಿ, ಅದಕ್ಕೂ ಹೆಚ್ಚಿಗೆ ಸರಕಾರದ ಪರವಾನಗಿ. ಕಸ ಕೀಳಲು ಪರವಾನಗಿ ಎಂಬ ಮಾತನ್ನು ಮಾವನವರು ಜೀರ್ಣಿಸಿಕೊಳ್ಳಲು ಒಂದು ಮಧ್ಯಾಹ್ನ ಬೇಕಾಯಿತು.

ಆ ದಿನ ದಡದಲ್ಲಿ ತಪಾಸಣೆಗೆ ಇದ್ದವಳು ಕಾಲೇಜಿನ ವಯಸ್ಸಿನ ಹುಡುಗಿ. ಮಾವನವರು ಸೂಡುಗಳನ್ನೆಲ್ಲ ದಡದ ಮೇಲೆ, ನೀರಿನಿಂದ ದೂರ, ಸಣ್ಣ ಬಣವೆಯಾಗಿ ಒಟ್ಟಿಬಿಟ್ಟಿದ್ದರು. ಎಳೆಗಳು ಒಂದೇ ದಿಕ್ಕಿಗೆ, ಮೇಲೆ ಚೂಪು. ಅವಳು ಅದನ್ನು ನೋಡುತ್ತ ನಿಂತಳು. ಅಂಥದ್ದನ್ನು ಆ ಕೆರೆ ಹಿಂದೆ ಕಂಡಿರಲಾರದು. ನಮ್ಮ ದೋಣಿಯ ಸುತ್ತ ಒಂದು ಸುತ್ತು ಬಂದು, ಗಾಡಿಯ ಅಚ್ಚಿನ ಕೆಳಗೆ ಬಗ್ಗಿ ನೋಡಿ, ಇಷ್ಟು ಸ್ವಚ್ಛ ದೋಣಿ ಈ ಬೇಸಿಗೆಯಲ್ಲೇ ನೋಡಿಲ್ಲವೆಂದಳು. ಮಾವನವರು ಸರ್ಟಿಫಿಕೇಟು ಸಿಕ್ಕವರಂತೆ ಎದೆ ಉಬ್ಬಿಸಿದರು. ಅಷ್ಟರಲ್ಲಿ ನನ್ನ ಮಗಳು, ಈ ನೆಲದಲ್ಲಿ ಹುಟ್ಟಿದ, ಶಾಲೆಯಲ್ಲಿ ಈ ನಿಯಮವನ್ನೇ ಚಿತ್ರ ಬರೆದು ಬಣ್ಣ ಹಚ್ಚಿದ ಪ್ರಜೆ, ಗಟ್ಟಿಯಾಗಿ ಹೇಳಿತು: "ಆಯಿ, ಡಬ್ಬಿ ತೋರ್ಸು."

ಡಬ್ಬಿಯಲ್ಲಿ ರೊಟ್ಟಿಯ ಚೂರುಗಳ ಕೆಳಗೆ, ಒಗೆದ ಅರಿವೆಯಲ್ಲಿ ಸುತ್ತಿ, ಅಗಲ ಎಲೆಯ ಪಲ್ಲೆ ಒಂದು ಹಿಡಿ.

ಅತ್ತೆಯವರಿಗೆ ಒಂದಿಷ್ಟೂ ಅಳುಕಿಲ್ಲ. "ನಮ್ಮ ಹೊಲದಾಗ ಕಸಾ ತೆಗದ್ರ ಪಲ್ಲೆ ಆಳಿಂದ. ಇದು ಎಲ್ಲಿ ನ್ಯಾಯ, ಕೇಳ ಆಕಿನ್ನ." ನಮ್ಮವರು ಅನುವಾದಿಸಲಿಲ್ಲ, ದೋಣಿಯ ಬಿರಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹುಡುಗಿ ನಗು ತಡೆದುಕೊಂಡು ಕೈ ಚಾಚಿದಳು. ಅತ್ತೆಯವರು ಪಲ್ಲೆ ಕೊಟ್ಟರು. ಬರಿಗೈಲಿ ಕೊಡಬಾರದೆಂದು ಒಂದು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಅದನ್ನೂ ಕೊಟ್ಟರು. ತಿಂದಳು. ಕಣ್ಣಲ್ಲಿ ನೀರು ಬಂದರೂ ಕೊನೆಯ ಚೂರಿನವರೆಗೆ ತಿಂದಳು. ಕರ್ತವ್ಯನಿಷ್ಠೆಯಲ್ಲಿ ಆ ಹುಡುಗಿಯ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ.

ಜುಲೈ ಕೊನೆಗೆ ಸೆಕೆ ಏರಿತು. ನೀರಿನ ಉಷ್ಣತೆ ಎಂಬತ್ತು ಫ್ಯಾರನ್‌ಹೀಟ್, ಎಂದರೆ ಇಪ್ಪತ್ತೇಳು ಸೆಲ್ಸಿಯಸ್ ಮುಟ್ಟಿದರೆ ತಿಳಿದವರು ಮಸ್ಕಿಯ ತಂಟೆಗೆ ಹೋಗುವುದಿಲ್ಲ; ಬಿಸಿ ನೀರಿನಲ್ಲಿ ಗುದ್ದಾಡಿ ದಣಿದ ಮೀನು, ಬಿಟ್ಟ ಮೇಲೂ ಸಾಯಬಹುದು. "ಇಪ್ಪತ್ತೇಳಕ್ಕ ಸೂಟಿ? ನಮ್ಮಲ್ಲಿ ಇಪ್ಪತ್ತೇಳ ಅಂದ್ರ ಸಂಕ್ರಮಣ," ಎಂದರು ಮಾವನವರು. ಸೂಟಿಯಲ್ಲಿ ಎಲ್ಲರೂ ಗಡಿ ದಾಟಿ ವಿಸ್ಕಾನ್ಸಿನ್ನಿನ ಹೇವರ್ಡಿಗೆ ಹೋದೆವು. ಅಲ್ಲಿ ಸಿಹಿನೀರಿನ ಮೀನುಗಾರಿಕೆಯ ಕೀರ್ತಿಮಂದಿರವಿದೆ. ಅದರ ಅಂಗಳದಲ್ಲಿ 143 ಅಡಿ ಉದ್ದದ, ನಾಲ್ಕೂವರೆ ಅಂತಸ್ತಿನ ಎತ್ತರದ ಮಸ್ಕಿ. ಹೊಟ್ಟೆಯೊಳಗೆ ಹೊಕ್ಕು ಮೆಟ್ಟಿಲು ಹತ್ತಿದರೆ ಬಾಯಲ್ಲಿ ಹೊರಬರುತ್ತೀರಿ. ಆ ಬಾಯಲ್ಲಿ ನಿಂತು ಮದುವೆಯಾದವರೂ ಇದ್ದಾರೆ ಎಂದೆ. ಇಳಕಲ್ಲ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳದವಡೆಯ ಹಲ್ಲು ಹಿಡಿದು ನಿಂತಿದ್ದ ಅತ್ತೆಯವರು ಕೆಳಗೆ ಇಣುಕಿ, "ಅಕ್ಕಿಕಾಳು ಒಗಿಯೂ ಮಂದಿ ಎಲ್ಲಿ ನಿಂದರತಾರ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ.

ಹೇವರ್ಡಿನಲ್ಲಿ ಮಾವನವರನ್ನು ಹಿಡಿದು ನಿಲ್ಲಿಸಿದ್ದು ಮೀನಲ್ಲ, ವ್ಯಾಜ್ಯ. ಜಗತ್ತಿನ ಅತಿ ದೊಡ್ಡ ಮಸ್ಕಿ ಯಾವುದು? 1949ರಲ್ಲಿ, ಅದೇ ಊರಿನ ಆಸುಪಾಸಿನಲ್ಲಿ ಲೂಯಿ ಸ್ಪ್ರೇ ಹಿಡಿದ 69 ಪೌಂಡು 11 ಔನ್ಸಿನದು ಎಂದು ಈ ಮಂದಿರ ಹೇಳುತ್ತದೆ. ಅಲ್ಲ, ಅದೇ ವರ್ಷ, ಅದೇ ಆಸುಪಾಸಿನಲ್ಲಿ ಕ್ಯಾಲ್ ಜಾನ್ಸನ್ ಹಿಡಿದ 67 ಪೌಂಡು 8 ಔನ್ಸಿನದು ಎಂದು ಗಾಳದ ಮೀನುಗಾರಿಕೆಯ ಅಂತರರಾಷ್ಟ್ರೀಯ ಸಂಘ ಹೇಳುತ್ತದೆ. ಇಬ್ಬರ ಮೀನನ್ನೂ ಅನುಮಾನಿಸುವವರಿದ್ದಾರೆ. ಹಳೆಯ ಫೋಟೊ ಇಟ್ಟುಕೊಂಡು ಅಳತೆ ಮಾಡುವ ಜಗಳ ಈಗಲೂ ನಡೆದಿದೆ. ಹೊಲದ ಬಾಂದಿನ ಕಲ್ಲಿಗಾಗಿ ಕೋರ್ಟು ಹತ್ತಿದ ಅನುಭವವಿರುವ ಮಾವನವರಿಗೆ ಆ ಊರು ಅಲ್ಲಿಂದ ಮುಂದೆ ಪರದೇಶವೆನಿಸಲಿಲ್ಲ.

ಆಗಸ್ಟಿನ ಕೊನೆಗೆ ನೀರು ತಣಿದು, ಮತ್ತೆ ಅದೇ ಕೊಲ್ಲಿ, ಅದೇ ಕಸ. ಸಂಜೆ ಬಿಸಿಲು ಇಳಿದಿತ್ತು. ನಮ್ಮವರು ಎಳೆದು ತಂದ ಬಕ್‌ಟೇಲು ದೋಣಿಯ ಹತ್ತಿರ ಬಂದು ಎಂಟು ಬರೆಯತೊಡಗಿತು. ಸೂಡು ಕಟ್ಟುತ್ತಿದ್ದ ಮಾವನವರು ಕೈ ನಿಲ್ಲಿಸಿದರು. ಎರಡು ಕಾಂಡಗಳ ನಡುವಿನಿಂದ, ಅಲೆಯಿಲ್ಲದೆ, ಸದ್ದಿಲ್ಲದೆ, ಅದು ಹೊರಬಂತು. ಬಂತು, ಬರುತ್ತಲೇ ಇತ್ತು. ತಲೆ ದೋಣಿಯ ಮಗ್ಗುಲಿಗೆ ಬಂದಾಗಲೂ ಬಾಲ ಕಸದೊಳಗೇ ಇತ್ತು. ನಮ್ಮವರ ಕೈ ನಡುಗುತ್ತ ಎಂಟು ಬರೆಯಿತು, ಇನ್ನೊಂದು ಎಂಟು, ದೊಡ್ಡ ಎಂಟು. ಮಸ್ಕಿ ಗಾಳದ ಹಿಂದೆ ಅರ್ಧ ಸುತ್ತು ತಿರುಗಿತು. ಗಾಳವನ್ನು ನೋಡಿತು, ಗಾಳ ಹಿಡಿದವರನ್ನು ನೋಡಿತು. ಕಿವಿರು ಒಮ್ಮೆ ತೆರೆದು ಮುಚ್ಚಿತು. ಆಮೇಲೆ ನಿಧಾನವಾಗಿ ಕೆಳಗಿಳಿದು, ಬಂದ ದಾರಿಯಲ್ಲೇ ಕಸದೊಳಗೆ ಸೇರಿಹೋಯಿತು.

ನಮ್ಮವರು ಕೋಲು ಕೆಳಗಿಟ್ಟು ಕುಣಿದಾಡಿದರು. ಮಸ್ಕಿಯವರ ಲೋಕದಲ್ಲಿ ಮೀನು ಹಿಂಬಾಲಿಸಿ ಬರುವುದೇ ಹಬ್ಬ. ಗೆಳೆಯರಿಗೆಲ್ಲ ಫೋನು ಹೋಯಿತು: ಎಷ್ಟೊತ್ತಿಗೆ, ಎಷ್ಟು ಆಳ, ಯಾವ ಕಸ, ಯಾವ ಬಣ್ಣದ ಬಕ್‌ಟೇಲು.

"ಇದೇನ ತಮ್ಮಾ, ಕನ್ಯಾ ನೋಡಾಕ ಬಂದವರಂಗ ಆತಲ್ಲ," ಎಂದರು ಮಾವನವರು. "ಬಂತು, ಮುಂದ ಹಿಂದ ನೋಡಿತು, ಊರಿಗೆ ಹೋಗಿ ತಿಳಸ್ತೀನಿ ಅಂತು, ಹ್ವಾತು. ಇದಕ್ಕ ಇಷ್ಟ್ಯಾಕ ಹಿಗ್ಗತಿ?"

ಎಂದರೇ ಹೊರತು, ಮರುದಿನ ಬೆಳಗ್ಗೆ ಐದಕ್ಕೆ ತಲೆಗೆ ರುಮಾಲು ಸುತ್ತಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ಮೊದಲು ನಿಂತವರು ಅವರೇ. ಅದು ಮತ್ತೆ ಬರಲಿಲ್ಲ. ಕನ್ಯಾ ನೋಡಿ ಹೋದವರು ತಿಳಿಸದಿದ್ದರೆ ಏನರ್ಥವೆಂದು ಅತ್ತೆಯವರು ಬಿಡಿಸಿ ಹೇಳಿದರು. ಲೈಸನ್ಸ್ ಮಾತ್ರ ಮತ್ತೆ ಮತ್ತೆ ನವೀಕರಣವಾಯಿತು, ಮಾವನವರ ಒಳಜೇಬು ದಪ್ಪವಾಯಿತು.

ದಸರೆಗೆ ಮುಂಚೆ ಅವರು ಊರಿಗೆ ಹೊರಟರು. ಸೂಟ್‌ಕೇಸು ತೂಗುವಾಗ ಅತ್ತೆಯವರು ಗ್ಯಾರೇಜಿನ ಪೆಟ್ಟಿಗೆಯಿಂದ ನಾಲ್ಕು ಬಕ್‌ಟೇಲು ಆರಿಸಿಟ್ಟುಕೊಂಡಿದ್ದರು. ಕಿತ್ತಳೆ, ಕಪ್ಪು, ಹಸಿರು. ಉದ್ದ ಕೂದಲ ಗೊಂಡೆ, ಮುಂದೆ ಅಂಗೈಯಗಲದ ಎರಡು ಹಿತ್ತಾಳೆ ತಗಡು. ನಮ್ಮವರು ಬೆಲೆ ಹೇಳಬಾರದೆಂದು ತುಟಿ ಕಚ್ಚಿಕೊಂಡರು. ಮಾವನವರು ಇಕ್ಕಳ ತೆಗೆದುಕೊಂಡು ಕೊಕ್ಕೆಗಳನ್ನೆಲ್ಲ ಕಿತ್ತು, ಮಗನ ಕೈಗೆ ಎಣಿಸಿ ಕೊಟ್ಟರು. "ಇವು ನಿನಗ. ಹೆಂಗೂ ನಿನಗ ಇದರ ಉಪಯೋಗ ಇಲ್ಲ."

ಮುಂದಿನ ವರ್ಷ ಕಾರಹುಣ್ಣಿಮೆಗೆ ಊರಿನಿಂದ ವಿಡಿಯೊ ಕರೆ ಬಂತು. ನಮ್ಮಲ್ಲಿ ಮಸ್ಕಿಯ ಋತು ಆಗತಾನೆ ತೆರೆದಿತ್ತು. ನಮ್ಮವರು ಗ್ಯಾರೇಜಿನಲ್ಲಿ ದಾರ ಸುತ್ತುತ್ತ ಫೋನನ್ನು ದೋಣಿಯ ಮೇಲೆ ಆನಿಸಿಟ್ಟರು. ಪರದೆ ತುಂಬ ಧೂಳು, ಹಲಗಿ, ಕೇಕೆ. ಕೊಂಬಿಗೆ ಬಣ್ಣ, ಮೈಮೇಲೆ ಜೂಲ, ಕೊರಳಿಗೆ ಗೆಜ್ಜೆಸರ, ಮತ್ತು ನಾಲ್ಕೂ ಕೊಂಬಿನ ತುದಿಗೆ ಮಿನೆಸೋಟಾದ ಬಕ್‌ಟೇಲು ಕಟ್ಟಿಕೊಂಡ ನಮ್ಮ ಎತ್ತಿನ ಜೋಡಿ ಕರಿ ಹರಿಯಲು ಓಡಿಬಂತು. ತಗಡುಗಳು ಬಿಸಿಲಿಗೆ ಗರಗರ ತಿರುಗುತ್ತಿದ್ದವು. ಬಿಳಿಯದು ಮುಂದೆ ಹೋಗಿ ಕರಿ ಹರಿಯಿತು. ಹಿಂಗಾರಿ ಜೋಳ ಚಲೋ ಬರುತ್ತದೆಂದು ಜನ ಕೂಗಿದರು.

"ಅಪ್ಪಾ, ಕಿತ್ತಳಿದು ಯಾವ ಎತ್ತಿಗೆ ಕಟ್ಟೀರಿ?" ಎಂದು ನಮ್ಮವರು ದಾರ ಬಿಟ್ಟು ಎದ್ದು ನಿಂತು ಕೇಳಿದರು.

"ಬಿಳೀದಕ್ಕ. ಯಾಕ?"

ನಮ್ಮವರು ಉತ್ತರ ಕೊಡಲಿಲ್ಲ. ಪೆಟ್ಟಿಗೆ ತೆರೆದು, ಕಪ್ಪು ಬಕ್‌ಟೇಲು ಬಿಚ್ಚಿ, ಕಿತ್ತಳೆ ಕಟ್ಟತೊಡಗಿದ್ದರು.